ಸೋಮವಾರದ ತಲೆನೋವು

ಅವರು ನನ್ನ ಹತ್ತಿರ ಬಂದದ್ದು ಇಂಗ್ಲಿಷಿನ ವಿಷಯಕ್ಕಲ್ಲ, ನಿದ್ದೆ ಬರುತ್ತಿಲ್ಲ ಅಂತ. ಭಾನುವಾರ ರಾತ್ರಿಯಿಡೀ ಹೊರಳಾಟ, ಸೋಮವಾರ ಬೆಳಿಗ್ಗೆ ತಲೆನೋವು, ಹೊಟ್ಟೆಯಲ್ಲಿ ಸಂಕಟ. ಡಾಕ್ಟರು ಬಿಪಿ, ಶುಗರ್ ಎಲ್ಲ ನೋಡಿ, ಏನೂ ಇಲ್ಲ ಎಂದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು ನಲವತ್ತು ದಾಟಿದೆ. ಡಿಪ್ಲೊಮಾ ಓದಿದವರು. ಬಳ್ಳಾರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಮೇಂಟೆನೆನ್ಸ್ ಕೆಲಸ. ಹೋದ ವರ್ಷ ಶಿಫ್ಟ್ ಇನ್‌ಚಾರ್ಜ್ ಆದರು, ಕಾಟ ಶುರುವಾಗಿದ್ದು ಅಲ್ಲಿಂದ. ಪ್ರತಿ ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ವಾರದ ಬ್ರೇಕ್‌ಡೌನ್ ವರದಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾಲ್ಕು ತಿಂಗಳಲ್ಲಿ ಆರು ಸೋಮವಾರ ರಜೆ ಹಾಕಿದ್ದರು. ಇಷ್ಟು ಹೇಳೋಕೆ ಅವರಿಗೆ ಎರಡು ಭೇಟಿ ಬೇಕಾಯಿತು.

"ನನಗೆಲ್ಲ ತಿಳೀತದ್ರಿ ಮೇಡಂ. ಬಾಯಾಗ ಮಾತ್ರ ಬರಂಗಿಲ್ಲ."

ಮೂರು ಸಲ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಿದ್ದರು. ಮೂರೂ ಕಡೆ ಮೊದಲ ದಿನ ಟೆನ್ಸ್ ಚಾರ್ಟು, ಎರಡನೇ ವಾರವೂ ಅದೇ. ನಡುವೆಯೇ ಬಿಟ್ಟರು.

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಅಭ್ಯಾಸ ಆಗಲಿ ಅಂತ ಮೂರನೇ ಭೇಟಿಯಲ್ಲಿ ಇಂಗ್ಲಿಷಿನಲ್ಲೇ ಮಾತು ಶುರು ಮಾಡಿದೆ. ಅವರು ನಕ್ಕರು, ಕರ್ಚೀಫಿನಿಂದ ಮುಖ ಒರೆಸಿಕೊಂಡರು, ಮುಂದಿನ ವಾರ ಬರಲೇ ಇಲ್ಲ. ಆಮೇಲೆ ನಾನೇ ಫೋನ್ ಮಾಡಿ, ತಪ್ಪು ನಂದು ಅಂತ ಹೇಳಿ ಕರೆಸಿಕೊಂಡೆ.

ಅವತ್ತು ಬೇರೆ ಪ್ರಶ್ನೆ ಕೇಳಿದೆ: ತೆಲುಗು ಎಲ್ಲಿ ಕಲಿತಿರಿ? ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಅದನ್ನೇನು ಕಲೀತಾರ್ರಿ, ಬಂದುಬಿಡ್ತು." ನಿಜ. 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಊರಿದು, ಆಂಧ್ರದ ಗಡಿ ಕೂಗಳತೆಯಲ್ಲಿದೆ, ಇಲ್ಲಿ ತೆಲುಗು ಮಾತಾಡೋಕೆ ಯಾರೂ ಕ್ಲಾಸಿಗೆ ಹೋಗಲ್ಲ. ಹಿಂದಿ? ಬಿಹಾರ, ಒಡಿಶಾ ಕಡೆಯ ಕೆಲಸಗಾರರ ಜೊತೆ ಬಂತಂತೆ. ತಪ್ಪಾಗಲ್ವಾ ಅಂದೆ. "ಆಗ್ತದ, ನಗ್ತಾರ, ನಾವೂ ನಗ್ತೀವಿ." ಮೂರು ಭಾಷೆ ಆಡುವ ಮನುಷ್ಯ ಇಷ್ಟು ದಿನ ನನ್ನ ಮುಂದೆ ಕೂತು ತನಗೆ ಭಾಷೆ ಹತ್ತಲ್ಲ ಅನ್ನುತ್ತಿದ್ದರು!

ಆದರೆ ತೆಲುಗಿನ ಹಾಗೇ ಇಂಗ್ಲಿಷೂ ಬಂದುಬಿಡುತ್ತೆ ಅಂದರೆ ಸುಳ್ಳಾಗುತ್ತೆ. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಕ್ರಿಯಾಪದ ಕೊನೆಗೆ ಬರುತ್ತೆ. ತಲೆಯಲ್ಲಿ ಕನ್ನಡದ ವಾಕ್ಯ ಇಟ್ಟುಕೊಂಡು ಪದ ಬದಲಿಸುತ್ತಾ ಹೋದರೂ ತೆಲುಗಿನಲ್ಲಿ ನಡೆದುಹೋಗುತ್ತೆ, ಇಂಗ್ಲಿಷಿನಲ್ಲಿ ನಡೆಯಲ್ಲ. 'ರಾತ್ರಿ ಎರಡೂವರೆಗೆ ಮೂರನೇ ಕನ್ವೇಯರಿನ ಬೇರಿಂಗ್ ಬಿಸಿಯಾಗಿ ಲೈನ್ ನಿಂತಿತು' ಅನ್ನೋದನ್ನು ಅವರು 'ನೈಟ್ ಟು ಥರ್ಟಿ ಥರ್ಡ್ ಕನ್ವೇಯರ್ ಬೇರಿಂಗ್' ಅಂತ ಶುರು ಮಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಈಸೋ, ವಾಸೋ, ಹ್ಯಾಡೋ ಅಂತ ಒಳಗೆ ಲೆಕ್ಕ ನಡೆಯುತ್ತಿರುವಾಗಲೇ ಮೇಲಿನವರು ಕೈಗಡಿಯಾರ ನೋಡುತ್ತಿದ್ದರು.

ಸ್ಟೀಫನ್ ಕ್ರಾಶನ್ ಅನ್ನೋ ಅಮೆರಿಕದ ಭಾಷಾತಜ್ಞರು 1980ರ ಹೊತ್ತಿಗೇ ಇದನ್ನು ಹೇಳಿದ್ದರು. ಕಲಿತ ವ್ಯಾಕರಣ ನಮ್ಮೊಳಗೆ ಒಬ್ಬ ಕಾವಲುಗಾರನ ಹಾಗೆ ಕೂತು ಮಾತನ್ನು ತಿದ್ದುತ್ತಿರುತ್ತೆ, ಅವನಿಗೆ ಟೈಮ್ ಬೇಕು. ಬರೆಯುವಾಗ ಟೈಮ್ ಇರುತ್ತೆ, ಮಾತಾಡುವಾಗ ಇರಲ್ಲ. ಕೆಲವರು ಅವನನ್ನೇ ಜಾಸ್ತಿ ನಂಬಿ ಬಾಯಿ ಕಟ್ಟಿಕೊಳ್ಳುತ್ತಾರೆ. ಭಯ, ನಾಚಿಕೆ ಹೆಚ್ಚಾದಷ್ಟೂ ಕಿವಿಗೆ ಬಿದ್ದದ್ದು ಒಳಗೆ ಇಳಿಯಲ್ಲ ಅಂತಲೂ ಅವರು ಹೇಳಿದ್ದರು. ಕ್ರಾಶನ್ ಮಾತನ್ನೆಲ್ಲ ಎಲ್ಲರೂ ಒಪ್ಪಲ್ಲ, ಆದರೆ ನನ್ನ ಮುಂದೆ ಕೂತಿದ್ದವರಿಗೆ ಇದು ಅಳತೆ ತೆಗೆದು ಹೊಲಿದಂತಿತ್ತು.

ನಾಚಿಕೆ ಎಲ್ಲಿಂದ ಬಂತು ಅಂತ ಕೆದಕಿದೆ. ಅವರ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಐದನೇ ಕ್ಲಾಸಿಗೆ ಶುರು. 'ಇಸ್ಕೂಲ್' ಅಂದಿದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಆರನೇ ಕ್ಲಾಸಿನ ಮಗಳು ಅದೇ ಪದಕ್ಕೆ ನಗುತ್ತಾಳೆ. ಸ್ಪ್ಯಾನಿಷ್ ಮಾತಾಡುವವರೂ ಇಂಗ್ಲಿಷ್ ಕಲಿಯುವಾಗ 'ಎಸ್ಕೂಲ್' ಅಂತಲೇ ಅನ್ನುತ್ತಾರೆ, ಅವರ ಭಾಷೆಯಲ್ಲಿ ಪದ 'ಸ್ಕ' ಅಂತ ಶುರುವಾಗಲ್ಲ ಅಂದೆ. "ಹೌದಾ?" ಅಂತ ಎರಡು ಸಲ ಕೇಳಿದರು. ಇಡೀ ಚಿಕಿತ್ಸೆಯಲ್ಲಿ ಅವರಿಗೆ ಅತಿ ಹೆಚ್ಚು ಹಿಡಿಸಿದ ಮಾತು ಅದೇ ಇರಬೇಕು.

ಸಲಹೆ ದೊಡ್ಡದೇನಲ್ಲ. ಟೆನ್ಸ್ ಚಾರ್ಟ್ ಎತ್ತಿಡಿ ಅಂದೆ. ಮೀಟಿಂಗಿನಲ್ಲಿ ನಿಮಗೆ ನಿಜವಾಗಿ ಬೇಕಾಗೋದು ಎಷ್ಟು ವಾಕ್ಯ, ಬರೆಯಿರಿ ಅಂದೆ. ಹದಿನಾಲ್ಕು ಆಯಿತು, ಅಷ್ಟೇ. ಲೈನ್ ಸ್ಟಾಪ್ಡ್ ಅಟ್ ಟು ಥರ್ಟಿ. ಬೇರಿಂಗ್ ವಾಸ್ ಹಾಟ್. ವಿ ಚೇಂಜ್ಡ್ ಇಟ್. ಸ್ಪೇರ್ ಈಸ್ ನಾಟ್ ಅವೈಲಬಲ್. ಏನಾಯಿತು ಅನ್ನೋದು ಮೊದಲು, ಯಾವಾಗ ಎಲ್ಲಿ ಅನ್ನೋದು ಆಮೇಲೆ, ಒಂದು ಉಸಿರಿಗೆ ಒಂದೇ ವಾಕ್ಯ. ಪದಪದ ಜೋಡಿಸದೆ ಇಡೀ ವಾಕ್ಯವನ್ನೇ ಬಾಯಿಗೆ ಹತ್ತಿಸಬೇಕು. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ ಒಳಗೇ ಜೋರಾಗಿ ಹೇಳಿಕೊಳ್ಳಿ, ಯಾರಿಗೂ ಕೇಳಲ್ಲ. ತಿಳಿಯದಿದ್ದರೆ 'ಒನ್ಸ್ ಮೋರ್ ಸರ್' ಅನ್ನಿ. ಸಿಕ್ಕಿಬಿದ್ದರೆ ಹಿಂದಿಗೆ ಹಾರಿ, ಮೀಟಿಂಗಿನಲ್ಲಿ ಅರ್ಧ ಜನ ಅದನ್ನೇ ಮಾಡ್ತಾರೆ.

ಮಗಳನ್ನೂ ಒಮ್ಮೆ ಕರೆತರಲು ಹೇಳಿದೆ. ಅಪ್ಪ ವಾಕ್ಯ ಮುಗಿಸುವವರೆಗೆ ಬಾಯಿ ಹಾಕಬಾರದು, ಮುಗಿದ ಮೇಲೆ ಒಂದೇ ತಪ್ಪು ಹೇಳಬೇಕು. ಹುಡುಗಿ ಚುರುಕು. "ಅಪ್ಪನೂ ನನ್ನ ಕನ್ನಡ ಒತ್ತಕ್ಷರಕ್ಕೆ ನಗಬಾರದು" ಅಂತ ತನ್ನ ಷರತ್ತು ಹಾಕಿದಳು. ಒಪ್ಪಂದ ಆಯಿತು.

ಮೊದಲ ಸೋಮವಾರ ಚೆನ್ನಾಗಿ ಆಗಲಿಲ್ಲ. ನಾಲ್ಕು ವಾಕ್ಯ ಹೇಳಿ ಐದನೆಯದು ಮರೆತು ಕೂತುಬಿಟ್ಟರು, ಆದರೆ ರಜೆ ಹಾಕಲಿಲ್ಲ. ಎರಡು ತಿಂಗಳಾದ ಮೇಲೆ ಭಾನುವಾರದ ನಿದ್ದೆ ಬಹುತೇಕ ಸರಿಹೋಯಿತು. ಹೆಡ್ ಆಫೀಸಿನಿಂದ ಫೋನ್ ಬಂದರೆ ಮಾತ್ರ ಇನ್ನೂ ಪಕ್ಕದ ಹುಡುಗನಿಗೆ ಕೊಡುತ್ತಾರೆ. ಫೋನಿನಲ್ಲಿ ಎದುರಿನವರ ಮುಖ ಕಾಣಲ್ಲ, ಕೈ ಆಡಿಸಿ ತೋರಿಸೋಕೂ ಆಗಲ್ಲ, ಅದು ನಿಜಕ್ಕೂ ಕಷ್ಟವೇ. ಸದ್ಯಕ್ಕೆ 'ಐ ವಿಲ್ ಕಾಲ್ ಬ್ಯಾಕ್ ಸರ್' ಅಂತ ಹೇಳಿ, ಹೇಳಬೇಕಾದ್ದನ್ನು ಹಾಳೆಯ ಮೇಲೆ ಗೀಚಿಕೊಂಡು, ಹತ್ತು ನಿಮಿಷ ಬಿಟ್ಟು ತಾವೇ ಫೋನ್ ಮಾಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಇನ್ನೂ ಮಾಡಿಲ್ಲ.