ಮೈನಿಂಗ್ ಯಂತ್ರದ ಬಿಸಿ ವಸತಿಗೃಹದ ಸ್ನಾನದ ನೀರಿಗೆ ಆದೀತೇ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದೊಂದು ಸಣ್ಣ ವಸತಿಗೃಹವಿದೆ. ಮಾಳಿಗೆಯ ಕೋಣೆಯಲ್ಲಿ ಮಗ ಎರಡು ಬಿಟ್‌ಕಾಯಿನ್ ಮೈನಿಂಗ್ ಯಂತ್ರ, ಅಂದರೆ ಸದಾ ಲೆಕ್ಕ ಮಾಡುತ್ತ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವ ಗಣಕ, ನಡೆಸುತ್ತಾನೆ. ಕೋಣೆ ಒಲೆಯಂತೆ ಕಾಯುತ್ತದೆ. ಈ ಬಿಸಿಯಿಂದ ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡಬಹುದೇ? ಇನ್ನೂ ನಾಲ್ಕು ಯಂತ್ರ ಕೊಂಡರೆ ತೋಟದ ಒಣದ್ರಾಕ್ಷಿ ಶೆಡ್‌ಗೂ ಒದಗೀತೇ?

ಉತ್ತರ: ಕಟ್ಟಡ ಬೆಚ್ಚಗಿಡುವ ಯೋಚನೆ ಬಿಡಿ. ಫಿನ್ಲೆಂಡಿನಲ್ಲಿ ಇಂಥ ಶಾಖವನ್ನು ಮನೆಗಳಿಗೆ ಹರಿಸುತ್ತಾರೆ, ನಿಜ. ಅಲ್ಲಿ ಚಳಿಗಾಲ ದೀರ್ಘ, ಬಿಸಿನೀರಿನ ಕೊಳವೆಜಾಲವೂ ಮೊದಲಿನಿಂದಲೇ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿಗೆ ಅದು ಹೊಂದದು. ವರ್ಷವಿಡೀ ನಿಮಗೆ ಬೇಕಾದದ್ದು ಸ್ನಾನದ ನೀರು. ಅಲ್ಲಿ ಈ ಬಿಸಿಗೆ ನಿಜವಾದ ಬೆಲೆಯಿದೆ.

ಯಂತ್ರ ನುಂಗುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಆಂಟ್‌ಮೈನರ್ ಎಸ್19 ಎಂಬ ಮೈನಿಂಗ್ ಯಂತ್ರದ ಮಾದರಿ ಸುಮಾರು 3,250 ವಾಟ್ ಬಳಸುತ್ತದೆ. ಅದರ ಒಂದು ಗಂಟೆಯ ಶಾಖವನ್ನು ಪೂರ್ತಿ ಹಿಡಿದರೆ 100 ಲೀಟರ್ ನೀರು ಸುಮಾರು 28 ಡಿಗ್ರಿ ಏರುತ್ತದೆ. ಕಷ್ಟವಿರುವುದು ಈ ಹಿಡಿಯುವುದರಲ್ಲೇ. ಫ್ಯಾನ್ ಹೊರದೂಡುವ ಬಿಸಿಗಾಳಿಯಿಂದ ನೀರಿಗೆ ಶಾಖ ದಾಟಿಸುವುದು ಸುಲಭವಲ್ಲ, ಸದ್ದೂ ವಿಪರೀತ.

ಎರಡು ದಾರಿಗಳಿವೆ. ಒಂದು, ಫ್ಯಾನ್ ತೆಗೆದ ಯಂತ್ರವನ್ನು ವಿದ್ಯುತ್ ಹರಿಯದ ವಿಶೇಷ ದ್ರವದಲ್ಲಿ ಮುಳುಗಿಸಿ, ಆ ದ್ರವದ ಬಿಸಿಯನ್ನು ಶಾಖ ವಿನಿಮಯಕದ ಮೂಲಕ ನೀರಿಗೆ ದಾಟಿಸುವುದು. ದ್ರವವೂ ಸ್ನಾನದ ನೀರೂ ಎಂದೂ ಬೆರೆಯಕೂಡದು. ಇನ್ನೊಂದು, ನಿಮ್ಮಂಥವರಿಗೆ ನಾನು ಹೇಳುವುದು: ಹೀಟ್ ಪಂಪ್ ವಾಟರ್ ಹೀಟರನ್ನು ಅದೇ ಕೋಣೆಯಲ್ಲಿ ಇಡಿ. ಅದು ಬೆಚ್ಚನೆಯ ಗಾಳಿಯಿಂದ ಶಾಖ ಹೀರಿ ನೀರಿಗೆ ಕೊಡುತ್ತದೆ, ಕೋಣೆಯನ್ನೂ ಒಂದಿಷ್ಟು ತಂಪಾಗಿಸುತ್ತದೆ. ಒಳಹೋಗುವ ಗಾಳಿಯ ಉಷ್ಣತೆಗೆ ಮಿತಿಯಿರುತ್ತದೆ. ಕೈಪಿಡಿ ನೋಡಿ ಹೊರಗಾಳಿ ಬೆರೆಸಿ. ಬೋರ್‌ವೆಲ್‌ನ ಗಡಸು ನೀರಾದರೆ ಮೃದುಗೊಳಿಸುವ ಸಾಧನ ಹಾಕಿಸಿ, ಇಲ್ಲವಾದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಎರೆಮಣ್ಣಿನ ಧೂಳು ಯಂತ್ರದೊಳಗೆ ಸೇರದಂತೆ ಗಾಳಿ ಬರುವ ದಾರಿಗೆ ಫಿಲ್ಟರ್ ಬೇಕು.

ಇನ್ನೂ ನಾಲ್ಕು ಯಂತ್ರ ಕೊಳ್ಳುವ ಮಾತಿಗೆ ನನ್ನ ಉತ್ತರ: ಬೇಡ. ಬಿಸಿಗಾಗಿಯೇ ಯಂತ್ರ ಕೊಂಡರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ. ಹೀಟ್ ಪಂಪ್ ಸುಮಾರು ಮೂರರಷ್ಟು ಕೊಡುತ್ತದೆ, ಸೋಲಾರ್ ವಾಟರ್ ಹೀಟರಿಗೆ ವಿದ್ಯುತ್ತೇ ಬೇಕಿಲ್ಲ. ಮೈನಿಂಗ್‌ನ ಗಳಿಕೆಯೇ ಆ ಕೊರತೆ ತುಂಬಬೇಕು. 2024ರ ಏಪ್ರಿಲ್‌ನಲ್ಲಿ ಪ್ರತಿ ಬ್ಲಾಕ್‌ಗೆ, ಅಂದರೆ ವಹಿವಾಟುಗಳ ಒಂದು ಕಂತೆ ದಾಖಲಿಸಿದ್ದಕ್ಕೆ, ಸಿಗುವ ಹೊಸ ಬಿಟ್‌ಕಾಯಿನ್ 6.25ರಿಂದ 3.125ಕ್ಕೆ ಇಳಿಯಿತು. ನಮ್ಮಲ್ಲಿ ಬಿಟ್‌ಕಾಯಿನ್‌ನಂಥ ಡಿಜಿಟಲ್ ಆಸ್ತಿಯ ಮಾರಾಟ ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. ಮೈನಿಂಗ್‌ನ ಮೂಲಸೌಕರ್ಯದ ಖರ್ಚನ್ನು ಅದರಲ್ಲಿ ಕಳೆಯಲಾಗದು ಎಂದು ಕೇಂದ್ರ ಸರ್ಕಾರ 2022ರಲ್ಲೇ ಸಂಸತ್ತಿಗೆ ತಿಳಿಸಿದೆ.

ದ್ರಾಕ್ಷಿ ಒಣಗಿಸುವ ಹೊತ್ತಿಗೆ ಬಿಸಿಲೇ ಸಾಕಷ್ಟಿರುತ್ತದೆ. ಶೆಡ್‌ಗೆ ಬೇಕಾದದ್ದು ನೆರಳು, ಗಾಳಿಯಾಟ. ಅಕಾಲಿಕ ಮಳೆಯ ನಾಲ್ಕಾರು ದಿನ ಒಣ ಬೆಚ್ಚನೆ ಗಾಳಿ ನೆರವಾದೀತು, ಆದರೆ ಬಿಸಿ ಮೀರಿದರೆ ಹಸಿರು ಬಣ್ಣ ಕಂದಾಗಿ ದರ ಬೀಳುತ್ತದೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತನ್ನು ಇದಕ್ಕೆ ತಿರುಗಿಸಲೇಬೇಡಿ.

ಮೊದಲು ಮಾಳಿಗೆಯ ವೈರಿಂಗ್ ನೋಡಿಸಿ. ಎಸ್19 ಮಾದರಿಯವಾದರೆ ಎರಡೂ ಯಂತ್ರ ಸೇರಿ ಹಗಲಿರುಳು ಸುಮಾರು 28 ಆಂಪಿಯರ್ ಎಳೆಯುತ್ತವೆ. ಪ್ರತ್ಯೇಕ ಲೈನ್, ಎಂಸಿಬಿ (ವಿದ್ಯುತ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್), ಸರಿಯಾದ ಅರ್ತಿಂಗ್ ಬೇಕೇ ಬೇಕು. ಮಂಜೂರಾದ ಲೋಡ್ ಮೀರಿದ್ದರೆ ಹೆಸ್ಕಾಂ ಕಚೇರಿಗೆ ಅರ್ಜಿ ಕೊಡಿ. ಅಲ್ಲಿಯವರೆಗೆ ಒಂದೇ ಯಂತ್ರ ನಡೆಯಲಿ.