11 ವರ್ಷದ ಮಗಳಿಗೆ ಯಾವ ಹೊಲಿಗೆ ಮೆಷಿನ್ ಕೊಡಿಸಲಿ?

ಪ್ರಶ್ನೆ: ಮಗಳಿಗೆ 11 ವರ್ಷ. ಗೊಂಬೆಗೆ ಲಂಗ, ರವಿಕೆ ಕೈಯಲ್ಲೇ ಹೊಲಿಯುತ್ತಾಳೆ. ಈಗ ಮೆಷಿನ್ ಬೇಕಂತೆ. ಆನ್‌ಲೈನ್‌ನಲ್ಲಿ ಸೆಲ್ ಹಾಕಿ ಓಡಿಸುವ ಪುಟ್ಟ ಮೆಷಿನ್ ಅಗ್ಗಕ್ಕೆ ಸಿಗುತ್ತಿದೆ. ಮೈಸೂರಿನ ಅಂಗಡಿಯಲ್ಲಿ 20ಕ್ಕೂ ಹೆಚ್ಚು ಡಿಸೈನ್ ಹಾಕುವ ಕರೆಂಟ್ ಮೆಷಿನ್ ತೋರಿಸಿದರು. ಮದ್ದೂರಿನ ಹತ್ತಿರ ಅತ್ತೆಯವರ ಮನೆಯಲ್ಲಿ ಹಳೇ ಕಾಲು ಮೆಷಿನ್ ಸುಮ್ನೆ ಬಿದ್ದಿದೆ. ಯಾವುದು ಸರಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸೆಲ್ ಮೆಷಿನ್ ಬೇಡ. ಅದು ತೀರಾ ಹಗುರ, ಬಟ್ಟೆ ಎರಡು ಮಡಿಕೆಯಾದರೆ ತಿಣುಕುತ್ತದೆ, ಹೊಲಿಗೆ ಬಿಡುತ್ತದೆ. ತಪ್ಪು ಮೆಷಿನ್‌ದು, ಆದರೆ ಮಗು ತನಗೇ ಬರಲ್ಲ ಅಂದುಕೊಳ್ಳುತ್ತದೆ.

ನಾನಾದರೆ ಮೊದಲು ಮದ್ದೂರಿನ ಮೆಷಿನ್ ನೋಡುತ್ತೇನೆ. ಮೆಷಿನ್ ತಲೆಯ ಬಲಗಡೆ ಇರುವ ಚಕ್ರವನ್ನು ಕೈಯಲ್ಲಿ ನಿಮ್ಮ ಕಡೆಗೆ ತಿರುಗಿಸಿ. ಎಲ್ಲೂ ಹಿಡಿಯದೆ ತಿರುಗಿದರೆ ಅರ್ಧ ಕೆಲಸ ಆಯ್ತು. ಬಿಗಿಯಾಗಿದ್ದರೂ ಹೆದರಬೇಡಿ, ಎಷ್ಟೋ ಸಲ ಹಳೇ ಎಣ್ಣೆ ಅಂಟಾಗಿರುತ್ತದೆ, ಅಷ್ಟೆ. ಮೆಕ್ಯಾನಿಕ್ ಕರೆಸಿ ಸ್ವಚ್ಛ ಮಾಡಿಸಿ, ಬೆಲ್ಟ್ ಬದಲಿಸಿ. ಅಡುಗೆ ಎಣ್ಣೆ ಮಾತ್ರ ಹಾಕಬೇಡಿ, ಮೆಷಿನ್ ಎಣ್ಣೆಯೇ ಬೇಕು.

ಕಾಲು ಮೆಷಿನ್‌ನ ದೊಡ್ಡ ಲಾಭ ಅದರ ನಿಧಾನ. ಮಗು ಎಷ್ಟು ತುಳಿಯುತ್ತದೋ ಅಷ್ಟೇ ಓಡುತ್ತದೆ. ಆದರೆ ಕುರ್ಚಿಯಲ್ಲಿ ಕೂತಾಗ ಎರಡೂ ಪಾದ ಪೆಡಲ್ ಮೇಲೆ ಪೂರ್ತಿ ಊರಬೇಕು. ತುದಿಗಾಲಲ್ಲಿ ತುಳಿಯುವಂತಿದ್ದರೆ ಇನ್ನೊಂದು ವರ್ಷ ಕಾಯಬೇಕು, ಇಲ್ಲವೇ ಕರೆಂಟ್ ಮೆಷಿನ್ ನೋಡಬೇಕು. ಶುರುವಿನಲ್ಲಿ ಚಕ್ರದ ನಡುವಿನ ತಿರುಪು ಸಡಿಲಿಸಿ ಬರೀ ತುಳಿಯಲು ಬಿಡಿ. ಆಗ ಸೂಜಿ ಕೆಳಗಿಳಿಯುವುದಿಲ್ಲ. ಎಲ್ಲರಿಗೂ ಮೊದಮೊದಲು ಚಕ್ರ ಹಿಂದಕ್ಕೇ ತಿರುಗುತ್ತದೆ! ಅದು ಹದಕ್ಕೆ ಬಂದ ಮೇಲೆ ತಿರುಪು ಬಿಗಿ ಮಾಡಿ, ದಾರ ಪೋಣಿಸದೆ ಹಳೇ ನೋಟ್‌ಬುಕ್ ಹಾಳೆಯ ಗೆರೆ ಮೇಲೆ ಓಡಿಸಲಿ. ಕಾಗದದಿಂದ ಸೂಜಿ ಮೊಂಡಾಗುತ್ತದೆ, ಅದಕ್ಕೊಂದು ಹಳೇ ಸೂಜಿ ಇರಲಿ.

ಕರೆಂಟ್ ಮೆಷಿನ್ನೇ ಆಗಬೇಕಾದರೆ ಡಿಸೈನ್ ಲೆಕ್ಕ ಹಾಕಬೇಡಿ. ನೇರ ಹೊಲಿಗೆ, ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ), ರಿವರ್ಸ್ (ಹಿಂದಕ್ಕೆ ಹೊಲಿಯುವುದು), ಕಾಜಾ (ಗುಂಡಿ ತೂರಿಸುವ ತೂತಿನ ಹೊಲಿಗೆ) ಇದ್ದರೆ ಧಾರಾಳವಾಯ್ತು. ಉಳಿದ ಹೂವು, ಬಳ್ಳಿಯನ್ನು ಒಂದು ವಾರ ಆಸೆಯಿಂದ ಹಾಕುತ್ತಾಳೆ, ಆಮೇಲೆ ಮರೆಯುತ್ತಾಳೆ. ಅಂಗಡಿಯಲ್ಲಿ ಪೆಡಲ್ ಮೇಲೆ ಅವಳೇ ಕಾಲಿಡಲಿ. ಮೆತ್ತಗೆ ಒತ್ತಿದರೆ ಒಂದೊಂದೇ ಹೊಲಿಗೆ ಬೀಳುತ್ತದಾ, ಇಲ್ಲಾ ಒಮ್ಮೆಲೇ ಓಡಿಬಿಡುತ್ತದಾ ನೋಡಿ. ವೇಗ ಕಡಿಮೆ ಮಾಡುವ ಗುಂಡಿ ಇದ್ದರೆ ಇನ್ನೂ ಒಳ್ಳೇದು. ಕೊಳ್ಳುವುದು ಮೈಸೂರಲ್ಲಾದರೂ ಮಂಡ್ಯದಲ್ಲಿ ರಿಪೇರಿ ಯಾರು ಮಾಡುತ್ತಾರೆ ಅಂತ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ಯಾವ ಮೆಷಿನ್ ಆದರೂ ಸಾಧಾರಣ ಕಾಟನ್‌ಗೆ 14ನೇ ನಂಬರ್ ಸೂಜಿ ಸಾಕು. ಜಾರುವ ಬಟ್ಟೆ ಈಗಲೇ ಬೇಡ. ಮೊದಲು ದಿಂಬಿನ ಕವರ್, ಆಮೇಲೆ ತರಕಾರಿ ಚೀಲ. ಬಟ್ಟೆಯ ಕೆಳಗೆ ದಾರ ಗಂಟು ಕಟ್ಟಿದರೆ ಎಲ್ಲರೂ ಬಾಬಿನ್ (ಕೆಳಗಿನ ದಾರ ಸುತ್ತಿಡುವ ಪುಟ್ಟ ಉರುಳೆ) ಬೈಯುತ್ತಾರೆ. ಬಹಳ ಸಲ ತಪ್ಪಿರುವುದು ಮೇಲಿನ ದಾರ. ಬಟ್ಟೆ ಒತ್ತುವ ಪಾದ ಎತ್ತಿಟ್ಟು ಮೇಲಿನ ದಾರವನ್ನು ಮೊದಲಿಂದ ಪೋಣಿಸಿ, ಸರಿಹೋಗುತ್ತದೆ.

ದಾರ ಪೋಣಿಸುವಾಗ, ಸೂಜಿ ಬದಲಿಸುವಾಗ ಕಾಲು ಪೆಡಲ್ ಮೇಲೆ ಇರಲೇಬಾರದು. ಕರೆಂಟ್ ಮೆಷಿನ್ ಆದರೆ ಸ್ವಿಚ್ಚೂ ಆಫ್. ಮೊದಲ ಕೆಲವು ತಿಂಗಳು ಅವಳು ಹೊಲಿಯುವಾಗ ಮನೆಯಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿರಿ.