ಗಾದೆಯ ಪದ ಬದಲಿಸಿದರೆ ಪದ್ಯ ಆಗುತ್ತಾ?

ಕವಿತೆ ಕಷ್ಟ ಅನಿಸಿ ಗಾದೆಗಳನ್ನು ತಿರುಚಿ ಬರೆಯುತ್ತಿದ್ದೀರಿ. ಇದು ಸುಲಭದ ದಾರಿ ತಾನೇ, ಇಲ್ಲಾ ಮೊದಲು ಛಂದಸ್ಸು, ಅಂದರೆ ಪದ್ಯದ ಲಯದ ಲೆಕ್ಕ, ಕಲಿಯಬೇಕಾ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೂ ಹೀಗೇ.

ಆಗ ಬೆಂಗಳೂರಿನ ಹನುಮಂತನಗರದಲ್ಲಿ ರೂಮು, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಬರೆಯುತ್ತಿದ್ದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನೋದನ್ನು ‘ಟಾರಿಗೆ ವರುಷ, ಮಳೆಗೆ ನಿಮಿಷ’ ಅಂತ ಮಾಡಿದೆ. ರಸ್ತೆ ಗುಂಡಿಗಳಿಂದ ಬೇಸತ್ತವರೆಲ್ಲ ವಾಟ್ಸಾಪ್‌ನಲ್ಲಿ ಹಂಚಿಕೊಂಡರು. ನಾನು ಕವಿ ಆದೆ ಅಂದುಕೊಂಡೆ. ಎರಡು ವರ್ಷದಲ್ಲಿ ಇಂಥವು ನೂರೈವತ್ತು ಆದವು. ಉಳಿಸಿದ್ದ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. ಕೊಂಡವರು ಅರವತ್ತು ಜನ. ಓದಿದವರು ನಕ್ಕರು, ಪುಸ್ತಕ ಮುಚ್ಚಿದರು. ಒಬ್ಬರೂ ಎರಡನೇ ಸಲ ತೆರೆಯಲಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ನಾನು ಬದಲಿಸಿದ್ದು ಎರಡು ಹೆಸರು ಮಾತ್ರ. ಗಾದೆಯ ಬಲವೆಲ್ಲ ಇರೋದು ನಾನು ಮುಟ್ಟದೆ ಬಿಟ್ಟ ಕಡೆ. ‘ವರುಷ’, ‘ನಿಮಿಷ’ ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ಎರಡರಲ್ಲೂ ಮೂರು ಲಘು (ಥಟ್ಟನೆ ಹೇಳಿ ಮುಗಿಯೋ ಅಕ್ಷರ), ಮೂರೇ ಮಾತ್ರೆ (ಅಕ್ಷರ ಹೇಳಲು ಹಿಡಿಯೋ ಹೊತ್ತಿನ ಅಳತೆ), ಕೊನೆಗೆ ಅದೇ ‘ಷ’. ಒಂದು ಇಡೀ ವರ್ಷ ಹೇಳಲು, ಒಂದು ನಿಮಿಷ ಹೇಳಲು ಬಾಯಿಗೆ ಹಿಡಿಯೋದು ಒಂದೇ ಹೊತ್ತು. ಅಷ್ಟು ದಿನದ ದುಡಿಮೆ ಕಣ್ಣೆದುರೇ ಪುಡಿಯಾಗೋದು ಅಲ್ಲಿ ಕೇಳಿಸುತ್ತೆ. ಅದನ್ನು ಕಟ್ಟಿದ್ದು ಯಾರೋ ಹಳೇ ಕಾಲದ ಜಾಣರು. ನಾನು ಅವರ ಗಡಿಗೆಗೆ ಬಣ್ಣ ಬಳಿದು ನನ್ನದು ಅಂದೆ. ಹಳೇ ಗಾದೆ ನೆನಪಾಗಿ ಜನ ನಕ್ಕರು. ಆ ನೆನಪು ಒಂದೇ ಸಲ ಕೆಲಸ ಮಾಡುತ್ತೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಕುಂಬಾರನ ಗಾದೆ ತಿರುಚಿದ ನಾನು ಗಡಿಗೆ ಮಾಡೋದನ್ನು ನೋಡೇ ಇರಲಿಲ್ಲ. ಒಂದು ಭಾನುವಾರ ಕುಂಬಾರರು ಇರೋ ಪಾಟರಿ ಟೌನ್‌ಗೆ ಹೋದೆ. ಕಂಟೋನ್ಮೆಂಟ್ ಸ್ಟೇಷನ್ನಿಂದ ಜಾಸ್ತಿ ದೂರ ಇಲ್ಲ. ವಯಸ್ಸಾದ ಒಬ್ಬರು ಅರೆ ಒಣಗಿದ ಗಡಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದರು. ಎಡಗೈಯಲ್ಲಿ ಒಳಗಿನಿಂದ ಒಂದು ದುಂಡು ಕಲ್ಲು ಒತ್ತಿ ಹಿಡಿದಿದ್ದರು. ಬಲಗೈಯಲ್ಲಿ ಸಣ್ಣ ಮರದ ಹಲಗೆ. ಟಪ್ ಟಪ್ ಅಂತ ಹೊರಗಿನಿಂದ ಬಡಿಯುತ್ತಾ, ಗಡಿಗೆಯನ್ನು ಚೂರು ಚೂರೇ ತಿರುಗಿಸುತ್ತಿದ್ದರು. ದಪ್ಪಗಿದ್ದ ತಳ ತೆಳುವಾಗುತ್ತಾ ಹೊಟ್ಟೆ ಅಗಲವಾಯಿತು. ಗಡಿಗೆ ಆಗೋದೂ ಏಟು ತಿಂದೇ! ಒಳಗೆ ಕಲ್ಲು ಹಿಡಿದ ಕೈ ಇದ್ದರೆ ಏಟಿಗೆ ಅದು ಗಡಿಗೆ, ಇಲ್ಲದಿದ್ದರೆ ಚೂರು. ಆ ಗಾದೆ ಹೇಳುತ್ತಾ ಬೆಳೆದ ನನಗೆ ಇದು ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ಬರೆದ ಎಂಟು ಸಾಲನ್ನು ಇವತ್ತಿಗೂ ತಿದ್ದಬೇಕು ಅನಿಸಿಲ್ಲ. ಅದರಲ್ಲಿ ಗಾದೆಯ ಒಂದು ಪದವೂ ಇಲ್ಲ.

ಅದಕ್ಕೇ, ಗಾದೆ ಸುಲಭದ ದಾರಿ ಅನ್ನೋದನ್ನೇ ನಾನು ಒಪ್ಪಲ್ಲ. ಛಂದಸ್ಸು ಮೊದಲಾ ಆಮೇಲಾ ಅನ್ನೋ ಚರ್ಚೆಯೂ ಬೇಡ, ಗಾದೆಯೊಳಗೇ ಅದು ಇದೆ. ‘ಕೈ ಕೆಸರಾದರೆ ಬಾಯಿ ಮೊಸರು’ ತಗೊಳ್ಳಿ, ಬೆರಳಲ್ಲಿ ಮಾತ್ರೆ ಎಣಿಸಿ, ಗುರುವಿಗೆ (ಎಳೆದು ಅಥವಾ ಒತ್ತಿ ಹೇಳೋ ಅಕ್ಷರ) ಎರಡು, ಲಘುವಿಗೆ ಒಂದು. ಸರ್ವಜ್ಞನ ಮೂರು ಸಾಲಿನ ತ್ರಿಪದಿ, ಕವಿ ದಿನಕರ ದೇಸಾಯಿ ಅವರ ನಾಲ್ಕು ಸಾಲಿನ ಚುಟುಕ ಜೋರಾಗಿ ಓದಿ. ಗಾದೆ ಪುಸ್ತಕ ಕೊಳ್ಳಬೇಡಿ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಕಟ್ಟುವವರ ಪಕ್ಕ ಅರ್ಧ ಗಂಟೆ ನಿಲ್ಲಿ. ಯಾರು, ಯಾರಿಗೆ, ಯಾವ ಸಿಟ್ಟಿಗೆ ಗಾದೆ ಹೇಳಿದರು ಅಂತ ಬರೆದುಕೊಳ್ಳಿ. ಆ ಜಗಳ ಬರೆಯಿರಿ, ಗಾದೆಯ ಒಂದಕ್ಷರವನ್ನೂ ಮುಟ್ಟಬೇಡಿ.

ಪಾಟರಿ ಟೌನ್‌ಗೂ ಹೋಗಿ ಬನ್ನಿ. ಆದರೆ ಗಣೇಶನ ಹಬ್ಬದ ಹತ್ತಿರ ಬೇಡ, ಆಗ ಅವರಿಗೆ ಮಾತಾಡಲು ಪುರುಸೊತ್ತೇ ಇರಲ್ಲ.